ಕೂಗುವ ಡಬ್ಬಿಯ ಬಾಯಿ ಮುಚ್ಚಿಸಿದ್ದು

ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಹುಡುಕಿಕೊಂಡು ಬಂದರೆ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಸರ್, ಸಣ್ಣ ಗಿರಾಕಿಗೆ ಕಡಿಮಿ ಖರ್ಚಿನಾಗ ಯಾವ ಸ್ಟೋರೇಜ್ ಹಾಕಿದ್ರ ಚಲೋ?" ನಾನು ಕನ್ನಡಕ ಸರಿಮಾಡಿಕೊಂಡು ಉತ್ತರ ಕೊಡುತ್ತೇನೆ. ಬಳ್ಳಾರಿಯ ಗಾಂಧಿನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಚಪ್ಪಲಿ ಸವೆಸಿ ನಿವೃತ್ತನಾದವನಿಗೆ ಉತ್ತರಕ್ಕೇನು ಬರ? ಎರಡು ಡಬ್ಬಿ ಇಡಿ, ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ, ಕೆಂಪು ದೀಪ ಕಂಡ ದಿನವೇ ಡಿಸ್ಕ್ ಬದಲಿಸಿ. ಅವರು ಬರೆದುಕೊಳ್ಳುತ್ತಾರೆ. ಹೊರಗೆ ಹೋಗಿ "ಗುರುರಾಜ್ ಸರ್ ಭಾಳ ಕಟ್ಟುನಿಟ್ಟು" ಅನ್ನುತ್ತಾರೆ. ಈ ಕಟ್ಟುನಿಟ್ಟು ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಈಗ ಕೇಳದೆಯೇ ಹೇಳುತ್ತಿದ್ದೇನೆ. ಅದು ನನ್ನ ಜಾಣತನದಿಂದ ಬಂದದ್ದಲ್ಲ, ಒಬ್ಬರ ಹೆಸರು ಕೆಡಿಸಿ ಬಂದದ್ದು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಫೀಸಿನ ಪ್ರತಿ ಮೇಜಿಗೂ ಒಂದೊಂದು ಕಂಪ್ಯೂಟರ್ ಕೊಳ್ಳುವ ಬದಲು ಒಳಕೋಣೆಯಲ್ಲಿ ಒಂದೇ ಗಟ್ಟಿ ಸರ್ವರ್ ಇಡುವುದು. ಹತ್ತಿಪ್ಪತ್ತು ಜನರ ಕಂಪ್ಯೂಟರ್‌ಗಳೆಲ್ಲ ಅದರ ಹೊಟ್ಟೆಯಲ್ಲೇ ನಡೆಯುತ್ತವೆ. ಮೇಜಿನ ಮೇಲೆ ಬರೀ ಪರದೆ, ಕೀಬೋರ್ಡು, ಅಂಗೈ ಅಗಲದ ಒಂದು ಪೆಟ್ಟಿಗೆ. ಇದಕ್ಕೆ ವರ್ಚುಯಲ್ ಡೆಸ್ಕ್‌ಟಾಪ್ ಎಂದು ಹೆಸರು. ನಮ್ಮ ಗಿರಾಕಿಗಳು ಇದನ್ನು "ಒಂದ ಒಲಿ, ಹತ್ತ ತಾಟು" ಅನ್ನುತ್ತಿದ್ದರು. ಎಲ್ಲರ ಕಡತಗಳೂ ಸರ್ವರಿನ ಪಕ್ಕದಲ್ಲಿರುವ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇರುತ್ತವೆ. ಅದರೊಳಗೆ ನಾಲ್ಕು ಡಿಸ್ಕ್. ಒಂದು ಕೆಟ್ಟರೂ ಉಳಿದ ಮೂರು ಸೇರಿ ಅದರ ಪಾಲಿನದನ್ನು ಲೆಕ್ಕ ಹಾಕಿ ಒದಗಿಸುತ್ತವೆ. ಎರಡು ಕೆಟ್ಟರೆ ಮಾತ್ರ ಎಲ್ಲವೂ ಹೋಯಿತು. ಈ ಪೆಟ್ಟಿಗೆಯನ್ನು ನಾವು ಡಬ್ಬಿ ಎಂದು ಕರೆಯುತ್ತಿದ್ದೆವು. ಈ ಕಥೆಯೆಲ್ಲ ಆ ಡಬ್ಬಿಯದೇ.

ನನಗೆ ಈ ವಿದ್ಯೆಯ ಮೊದಲ ಪಾಠ ಆದದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ. ಅಲ್ಲಿ ತೌಡಿನ ಧೂಳು ಕಂಪ್ಯೂಟರ್ ಫ್ಯಾನಿಗೆ ಕೂತು, ಆರು ತಿಂಗಳಿಗೊಂದು ಯಂತ್ರ ಸಾಯುತ್ತಿತ್ತು. ನಾನು ಪ್ರತಿ ಸಲ ಹೋಗಿ ಬ್ರಷ್ ಹಾಕಿ ಉಜ್ಜಿ, ಮೂಗಿನಲ್ಲಿ ತೌಡು ತುಂಬಿಕೊಂಡು ಬರುತ್ತಿದ್ದೆ. ಫ್ಯಾನೇ ಇಲ್ಲದ ಸಣ್ಣ ಪೆಟ್ಟಿಗೆಗಳನ್ನು ಅಲ್ಲಿ ಕೂರಿಸಿದ ಮೇಲೆ ಆ ಕಾಟ ತಪ್ಪಿತು. ಗಿರಣಿಯ ಯಜಮಾನರು ರಾರಾವಿಯ ಕಡೆಯವರು, ಗದ್ದೆಯಲ್ಲಿ ನಿಂತೇ ಮಾತಾಡಿ ಅಭ್ಯಾಸವಾದ ದೊಡ್ಡ ಗಂಟಲು. "ಏನ್ರೀ ರಾಯರ, ಮಿಷನ್ನಿಗೆ ಮೂಗ ಇಲ್ಲದಂಗ ಮಾಡೀರಿ, ಇನ್ನ ನೆಗಡಿ ಎಲ್ಲಿಂದ ಬರ್ತೈತಿ!" ಎಂದು ನಕ್ಕು ಒಂದು ಚೀಲ ಸೋನಾ ಮಸೂರಿ ಬಸ್ಸಿಗೆ ಹಾಕಿಸಿ ಕಳಿಸಿದರು. ಆ ಒಂದು ಚೀಲದ ಹೊಗಳಿಕೆ ನನ್ನ ತಲೆಗೇರಿತು. ಊರ ಸಮಸ್ಯೆಗೆಲ್ಲ ಮದ್ದು ನನ್ನ ಚೀಲದಲ್ಲೇ ಇದೆ ಎಂದು ತಿಳಿದೆ.

ಆ ಸೊಕ್ಕು ಇಳಿದದ್ದು ಕುರುಗೋಡಿನ ಒಂದು ಖಾಸಗಿ ಶಾಲೆಯಲ್ಲಿ, ಅದೂ ಪೂರ್ತಿ ಇಳಿಯಲಿಲ್ಲ. ಮಕ್ಕಳ ಲ್ಯಾಬಿಗೆ ಇಪ್ಪತ್ತು ಪರದೆ, ಒಂದೇ ಸರ್ವರ್. ಒಬ್ಬನೇ ಕೂತು ನೋಡಿದಾಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಉದ್ಘಾಟನೆಗೆ ಊರ ಹಿರಿಯರನ್ನು ಕರೆಸಿದ್ದರು. ಟೀಚರ್ "ಎಲ್ಲಾರೂ ಆನ್ ಮಾಡ್ರಿ" ಎಂದದ್ದೇ ತಡ, ಇಪ್ಪತ್ತು ಮಕ್ಕಳು ಒಟ್ಟಿಗೆ ಗುಂಡಿ ಒತ್ತಿದರು. ಇಪ್ಪತ್ತು ಪರದೆಯ ಮೇಲೂ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಾಲಿನಲ್ಲಿ ಬರುವ ಗಿರಾಕಿಗೆ ಬಡಿಸಬಲ್ಲ ಒಲೆಗೆ ಇಡೀ ಪಂಕ್ತಿ ಒಮ್ಮೆಲೇ ಎಲೆ ಹಾಕಿಕೊಂಡು ಕೂತರೆ ಏನಾಗುತ್ತದೋ ಅದೇ ಆಯಿತು. ಭಾಷಣ ಮುಗಿದು ಪೇಡೆ ಹಂಚಿದರೂ ಚಕ್ರ ನಿಲ್ಲಲಿಲ್ಲ. ತಪ್ಪು ನನ್ನದು: ಸರ್ವರಿನ ಬಲ ನೋಡಿ ಡಿಸ್ಕಿನ ವೇಗ ನೋಡಿರಲಿಲ್ಲ, ಅಗ್ಗದವನ್ನು ಹಾಕಿದ್ದೆ. "ಕರೆಂಟ್ ಓಲ್ಟೇಜ್ ಕಡಿಮಿ ಅದರಿ" ಎಂದೆ. ಹೆಡ್‌ಮಾಸ್ತರು ನಂಬಿ ವಿದ್ಯುತ್ ಕಚೇರಿಗೆ ಅರ್ಜಿಯನ್ನೂ ಬರೆದರು. ಮರುವಾರ ಸದ್ದಿಲ್ಲದೆ ಡಿಸ್ಕ್ ಬದಲಿಸಿ ಬಂದೆ. ನಗೆಯ ಪ್ರಸಂಗ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಈಗ ನೋಡಿದರೆ, ತಪ್ಪನ್ನು ಬೇರೆಯವರ ಬಾಗಿಲಿಗೆ ತಳ್ಳುವ ಅಭ್ಯಾಸ ಅಂದೇ ಶುರುವಾಗಿತ್ತು. ಅಂದು ತಳ್ಳಿದ್ದು ಕರೆಂಟಿನ ಮೇಲೆ, ಅದಕ್ಕೆ ಹೆಸರಿಲ್ಲ, ಮನೆಯಿಲ್ಲ, ಅವಮಾನವಿಲ್ಲ.

ನಮ್ಮ ಅಂಗಡಿಯ ಮಾಲೀಕರು ವಲಿ ಸಾಹೇಬರು. ನನಗಿಂತ ಹತ್ತು ವರ್ಷ ದೊಡ್ಡವರು, ತಣ್ಣನೆಯ ಸ್ವಭಾವದ ಮನುಷ್ಯ. ನನಗೆ ಮದುವೆಯಾದಾಗ ಮೊದಲು ಬಂದವರು, ನನ್ನ ತಾಯಿ ಹೋದಾಗ ಕೊನೆಗೆ ಎದ್ದವರು. ವ್ಯಾಪಾರದಲ್ಲಿ ಅವರಿಗೆ ಒಂದು ಸೂತ್ರವಿತ್ತು. "ಗಿರಾಕಿಗೆ ಸುಳ್ಳ ಹೇಳಬ್ಯಾಡ ಗುರುರಾಜ. ಪೂರಾ ಖರೇನೂ ಹೇಳಬ್ಯಾಡ. ಪೂರಾ ಖರೇ ಕೇಳಿದ್ರ ಯಾವನೂ ಕಂಪ್ಯೂಟರ್ ತಗಳ್ಳಂಗಿಲ್ಲ." ನಾನು ಇದನ್ನು ವೇದವಾಕ್ಯವೆಂದು ಜೇಬಿನಲ್ಲಿಟ್ಟುಕೊಂಡೆ.

ಈ ಸೂತ್ರ ಹಿಡಿದೇ ಚಂದ್ರಣ್ಣನವರ ಜೀನ್ಸ್ ಕಾರ್ಖಾನೆಗೆ ಹೋದದ್ದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಎಷ್ಟಿವೆ ಎಂದು ಹೊರಗಿನವರಿಗೆ ಗೊತ್ತಿಲ್ಲ. ಚಂದ್ರಣ್ಣನವರದು ಮಧ್ಯಮ ಗಾತ್ರದ್ದು. ಅವರ ಆಸ್ತಿ ಎಂದರೆ ಹೊಲಿಗೆ ಯಂತ್ರಗಳಲ್ಲ, ತುಕಾರಾಮ ಮಾಸ್ಟರ್ ಅವರ ಪ್ಯಾಟರ್ನ್‌ಗಳು. ಪ್ಯಾಟರ್ನ್ ಎಂದರೆ ಪ್ಯಾಂಟಿನ ಒಂದೊಂದು ತುಂಡಿನ ಅಳತೆಗೆ ಕತ್ತರಿಸಿದ ರಟ್ಟು. ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ, ಪ್ರತಿ ಅಳತೆಗೂ ಬೇರೆ ಬೇರೆ. ಮಾಸ್ಟರ್ ಮೂವತ್ತು ವರ್ಷ ಕತ್ತರಿಸಿದ ರಟ್ಟುಗಳು ಗೋಡೆಯ ಮೊಳೆಗಳಿಗೆ ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಅವರ ಪ್ಯಾಂಟು ಕೂತರೂ ಎದ್ದರೂ ಸೊಂಟದಲ್ಲಿ ಬಾಯಿ ಬಿಡುವುದಿಲ್ಲ ಎಂದು ಮುಂಬೈನಿಂದ ಆರ್ಡರ್ ಬರುತ್ತಿತ್ತು.

ಈ ರಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಚಂದ್ರಣ್ಣ ಒಬ್ಬ ಆಪರೇಟರ್ ಅನ್ನು ನೇಮಿಸಿದ್ದರು. ಬಾದನಹಟ್ಟಿಯಿಂದ ದಿನವೂ ಬಸ್ಸಿಗೆ ಬರುವ, ಬಿ.ಕಾಂ. ಓದಿದ ಹೆಣ್ಣುಮಗಳು. ಬೌದ್ಧ ಮನೆತನ. ಅಪ್ಪ ಹೊಲದ ಕೂಲಿ ಮಾಡಿ ಓದಿಸಿದವರು. ಅವರ ಹೆಸರನ್ನು ಆಮೇಲೆ ಹೇಳುತ್ತೇನೆ, ಅದಕ್ಕೆ ಕಾರಣವಿದೆ. ಆಗ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಈಗ ಬರೆಯುವಾಗ ಕೈ ಏಳುವುದಿಲ್ಲ. ದೊಡ್ಡ ಹಲಗೆಯ ಮೇಲೆ ರಟ್ಟು ಅಂಟಿಸಿ, ಅಂಚಿನುದ್ದಕ್ಕೂ ಬಿಂದು ಬಿಂದುವಾಗಿ ಗುರುತಿಸಿ, ಎರಡು ವರ್ಷ ಆ ಕೆಲಸ ಮಾಡಿದರು. ಮಾಸ್ಟರ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, "ಅಲ್ಲಿ ಎರಡ ನೂಲು ಒಳಗ ತಗೋ ತಂಗಿ, ರಟ್ಟು ಸವದೈತಿ" ಎಂದು ಹೇಳಿಕೊಡುತ್ತಿದ್ದರು. ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು. ಹಾಗಾಗಿ ಡಬ್ಬಿಯೊಳಗೆ ಇದ್ದದ್ದು ರಟ್ಟಿನ ನಕಲಲ್ಲ, ರಟ್ಟಿಗಿಂತ ಒಳ್ಳೆಯದು.

ಅಲ್ಲಿ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ಮೊದಲನೆಯದು ದರಪಟ್ಟಿಯಲ್ಲಿ. ಇನ್ನೊಂದು ಅಂಗಡಿಯವರು ನಮಗಿಂತ ಕಡಿಮೆ ದರ ಹೇಳಿದ್ದಾರೆ ಎಂದು ಗೊತ್ತಾದಾಗ, ನಕಲು ಇಡಲು ಸೇರಿಸಿದ್ದ ಎರಡನೆಯ ಡಬ್ಬಿಯನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ. ಡಿಸ್ಕ್‌ಗಳನ್ನೂ ಹಗಲಿರುಳು ಓಡುವಂಥವಲ್ಲ, ಮನೆಯ ಕಂಪ್ಯೂಟರಿಗೆ ಹಾಕುವಂಥವನ್ನು, ನಾಲ್ಕನ್ನೂ ಒಂದೇ ಪೆಟ್ಟಿಗೆಯಿಂದ ತೆಗೆದು ಹಾಕಿದೆ. ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಮುಪ್ಪಾಗುತ್ತವೆ ಎಂಬುದು ನನಗೆ ಗೊತ್ತಿತ್ತು.

ಚಂದ್ರಣ್ಣ ದಡ್ಡರಲ್ಲ. "ರಾಯರ, ಒಂದ ಡಬ್ಬಿ ಸಾಕಾಗ್ತೈತೇನ್ರಿ? ನಾಳೆ ಕೆಟ್ರ?" ಎಂದು ಕೇಳಿದರು.

"ಒಳಗ ನಾಕು ಅವರಿ. ಒಂದು ಸತ್ರೂ ಮೂರು ಬದುಕಿರ್ತಾವ" ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಎರಡನೆಯದು ರಟ್ಟುಗಳ ವಿಷಯ. ಏರಿಸಿದ ಮೇಲೂ ಮಾಸ್ಟರ್ ಅವನ್ನು ಮೊಳೆಗೆ ತೂಗುಹಾಕುತ್ತಲೇ ಇದ್ದರು. ನಾನು ಗೇಲಿ ಮಾಡಿದೆ: "ಮಾಸ್ಟರ್, ಇಲಿಗಳಿಗೆ ಅನ್ನಸಂತರ್ಪಣೆ ಇಟ್ಟೀರೇನು?" ಎಲ್ಲರೂ ನಕ್ಕರು. ಮಾಸ್ಟರ್ ಮಾತ್ರ, "ರಟ್ಟು ಕರೆಂಟ್ ಕೇಳಂಗಿಲ್ಲ ರಾಯರ" ಎಂದರು. ಅದೂ ಹಳೆಯ ಕಾಲದವರ ಮಾತಾಗಿ ಹೋಯಿತು. ಮುಂದಿನ ಯುಗಾದಿಗೆ ಸುಣ್ಣ ಬಳಿಯುವಾಗ ಚಂದ್ರಣ್ಣ ರಟ್ಟುಗಳನ್ನೆಲ್ಲ ಗುಜರಿಗೆ ಹಾಕಿದರು.

ಐದು ವರ್ಷ ಡಬ್ಬಿ ಒಮ್ಮೆಯೂ ಆರದೆ ಓಡಿತು. ಆರನೆಯ ವರ್ಷದ ಶ್ರಾವಣದಲ್ಲಿ, ನಾನು ಸಿರುಗುಪ್ಪದಲ್ಲಿದ್ದಾಗ, ಬಾದನಹಟ್ಟಿಯ ಆ ಆಪರೇಟರ್ ಫೋನ್ ಮಾಡಿದರು.

"ಸರ್, ಡಬ್ಬಿ ಕೂಗಾಕತ್ತೈತ್ರಿ. ಮೂರನೇ ದೀಪ ಕೆಂಪಾಗೈತಿ."

ಎರಡು ದಿನ ಬಿಟ್ಟು ಹೋದೆ. ಒಂದು ಡಿಸ್ಕ್ ಸತ್ತಿತ್ತು. ಅಂಗಡಿಯಲ್ಲಿ ಆ ಅಳತೆಯದು ಇರಲಿಲ್ಲ, ಬೆಂಗಳೂರಿನಿಂದ ತರಿಸಬೇಕು. ಡಬ್ಬಿಯ ಕೂಗಿಗೆ ಕಟಿಂಗ್ ವಿಭಾಗದವರೆಲ್ಲ ತಲೆ ಹಿಡಿದುಕೊಂಡಿದ್ದರು. ನಾನು ಕೂತು, ಕೂಗು ನಿಲ್ಲಿಸುವ ಆಯ್ಕೆ ಹುಡುಕಿ ಒತ್ತಿದೆ. ಸದ್ದು ನಿಂತಿತು. "ಭಲೇ ರಾಯರ!" ಎಂದು ಯಾರೋ ಚಪ್ಪಾಳೆ ತಟ್ಟಿದರು. ಮುಂದಿನ ವಾರ ಡಿಸ್ಕ್ ತರುತ್ತೇನೆ ಎಂದು ಹೇಳಿ ಚಹಾ ಕುಡಿದು ಬಂದೆ.

ಮರೆತೆ. ಇದಕ್ಕೆ ಬೇರೆ ಯಾವ ಅಲಂಕಾರವೂ ಇಲ್ಲ, ಮರೆತೆ. ಅವರು ಮತ್ತೆ ಫೋನ್ ಮಾಡಿದರು. ನಾಳೆ ಎಂದೆ. ಇನ್ನೊಮ್ಮೆ ಮಾಡಿದಾಗ, "ನಿನಗ ಒಂದ ಡಬ್ಬಿ ಅದ, ನನಗ ಹತ್ತು ಊರು ಅವ. ಕೂಗಲಾರದ್ದಕ್ಕ ಯಾಕ ಇಷ್ಟು ಅವಸರ?" ಎಂದು ಗದರಿದೆ. ಆಮೇಲೆ ಆ ವಿಷಯಕ್ಕೆ ಅವರು ಫೋನ್ ಮಾಡಲಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಕಡೆ ಆ ದಿನ ಯಂತ್ರಗಳಿಗೆ ವಿಶ್ರಾಂತಿ. ಹಿಂದಿನ ದಿನವೇ ಎಲ್ಲವನ್ನೂ ನಿಲ್ಲಿಸಿ, ಒರೆಸಿ, ಮರುದಿನ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಮಾಲೆ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಅಲ್ಲಿಯವರೆಗೆ ಡಬ್ಬಿ ಒಳಕೋಣೆಯಲ್ಲಿ ಬೀಗದೊಳಗೆ ಇದ್ದುದರಿಂದ ಅದಕ್ಕೆ ಈ ಮರ್ಯಾದೆ ಸಿಕ್ಕಿರಲಿಲ್ಲ. ಆ ವರ್ಷ ವ್ಯಾಪಾರ ಡಲ್ ಇತ್ತು. ಚಂದ್ರಣ್ಣನವರ ತಾಯಿ, "ಎಲ್ಲಾ ಮಿಷನ್ನಿಗೆ ಪೂಜಿ ಮಾಡಿ ದೊಡ್ಡ ಮಿಷನ್ನಿಗೇ ಬಿಟ್ಟೀರಿ" ಎಂದು ಹಟ ಹಿಡಿದರು. ಚಂದ್ರಣ್ಣ ನನಗೆ ಫೋನ್ ಮಾಡಿ, ಡಬ್ಬಿಯನ್ನು ಹಬ್ಬ ಮುಗಿಯುವವರೆಗೆ ಆಫ್ ಮಾಡಬಹುದೇ ಎಂದು ಕೇಳಿದರು.

ಒಂದು ಡಿಸ್ಕ್ ಸತ್ತಿರುವ ಡಬ್ಬಿಯನ್ನು, ವರ್ಷಗಟ್ಟಲೆ ನಿಲ್ಲದೆ ತಿರುಗಿದ ಉಳಿದ ಮೂರನ್ನು, ಆರಿಸಬಾರದು. ತಣ್ಣಗಾದ ಹಳೆಯ ಡಿಸ್ಕ್ ಮತ್ತೆ ತಿರುಗುತ್ತದೆಂಬ ಭರವಸೆ ಇಲ್ಲ. ಈ ಕೆಲಸದಲ್ಲಿ ಎರಡು ವರ್ಷ ಕಳೆದವರಿಗೂ ಇದು ಗೊತ್ತು. ಸತ್ತ ಡಿಸ್ಕಿನ ನೆನಪೇ ನನಗೆ ಆಗಲಿಲ್ಲ. ಹಬ್ಬದ ಗಡಿಬಿಡಿ. "ಮಾಡ್ರಿ, ಏನಾಗೂದಿಲ್ಲ" ಎಂದೆ.

ಆಮೇಲೆ ಆಪರೇಟರ್ ಅವರೇ ಫೋನ್ ಮಾಡಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಆರಿಸಬೇಕು ಎಂದು ಕೇಳಿದರು. ಮೊದಲು ಮೇಜಿನ ಪೆಟ್ಟಿಗೆಗಳು, ಆಮೇಲೆ ಸರ್ವರಿನೊಳಗಿನ ಡೆಸ್ಕ್‌ಟಾಪ್‌ಗಳು, ಆಮೇಲೆ ಸರ್ವರ್, ಕೊನೆಗೆ ಡಬ್ಬಿ. ಒಂದೊಂದು ಮುಗಿದ ಹಾಗೆ ಫೋನಿನಲ್ಲೇ ಹೇಳುತ್ತ ಹೋದರು, ನಾನು ಹೂಂ ಹೂಂ ಎನ್ನುತ್ತ ಹೋದೆ. ಕೊನೆಗೆ ಅವರಿಗೆ ಇನ್ನೊಂದು ಮಾತು ಹೇಳಿದೆ: ಡಬ್ಬಿಗೆ ಕುಂಕುಮ, ವಿಭೂತಿ ಹಚ್ಚಬೇಡ, ಗಾಳಿಯ ಕಿಂಡಿಯೊಳಗೆ ಪುಡಿ ಹೋಗುತ್ತದೆ, ಬರೀ ಹೂ ಇಡು.

ಆ ಮಾತು ಸರಿಯಾಗಿತ್ತು. ಅವರು ಮಾಡಿದ್ದೂ ಸರಿಯಾಗಿತ್ತು. ಇದಕ್ಕೆ ಈ ಲೋಕದಲ್ಲಿ ಇದ್ದ ಒಬ್ಬನೇ ಸಾಕ್ಷಿ ನಾನು.

ವಿಜಯದಶಮಿಯ ಮರುದಿನ ಬೆಳಗ್ಗೆ ಡಬ್ಬಿ ಏಳಲಿಲ್ಲ. ನಾನು ಹೋದಾಗ ಒಳಗಿನಿಂದ ಟಕ್ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಎರಡನೆಯ ಡಿಸ್ಕ್ ತಿರುಗಲು ಒದ್ದಾಡುತ್ತಿತ್ತು. ಶ್ರಾವಣದ ಕೆಂಪು ದೀಪ ಆಗ ನೆನಪಾಯಿತು. ಕೋಣೆಯ ಬಾಗಿಲಲ್ಲಿ ಚಂದ್ರಣ್ಣ, ತುಕಾರಾಮ ಮಾಸ್ಟರ್, ಕಟಿಂಗ್ ವಿಭಾಗದ ಏಳೆಂಟು ಜನ. ಮೂಲೆಯಲ್ಲಿ ಆ ಆಪರೇಟರ್.

"ಎಲ್ಲಾ ಹೋತೇನ್ರಿ?" ಎಂದರು ಚಂದ್ರಣ್ಣ.

"ನೋಡೋಣರಿ."

"ನಕಲು?"

ನಕಲು ಅದೇ ಡಬ್ಬಿಯ ಇನ್ನೊಂದು ಮೂಲೆಯಲ್ಲಿತ್ತು. ನಾನು ಡಬ್ಬಿಯ ತಂತಿ ಬಿಚ್ಚತೊಡಗಿದೆ. ಚಂದ್ರಣ್ಣ ತಿರುಗಿ, "ಯಾರು ಆಫ್ ಮಾಡಿದ್ದು?" ಎಂದರು.

"ನಾನ್ರಿ" ಎಂದು ಮೂಲೆಯಿಂದ ಉತ್ತರ ಬಂತು. ಅಂಜಿಕೆ ಇರಲಿಲ್ಲ ಆ ದನಿಯಲ್ಲಿ. ಸರಿಯಾಗಿ ಮಾಡಿದವರು ಹೇಗೆ ಹೇಳುತ್ತಾರೋ ಹಾಗೆ ಹೇಳಿದರು.

ಎಲ್ಲರೂ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಇನ್ನೊಬ್ಬರ ಹೆಗಲು ತೋರಿಸಿದೆ. ಅವರ ಹೆಸರು ಹಿಡಿದು, "ಸರಿಯಾಗಿ ಆಫ್ ಮಾಡಿಲ್ಲ ಅನ್ನಿಸ್ತದರಿ" ಎಂದೆ.

ಅನ್ನಿಸ್ತದ! ಆ ಒಂದು ಪದವನ್ನು ಎಷ್ಟು ಜಾಣತನದಿಂದ ಹಾಕಿದ್ದೆ ನೋಡಿ. ನಾಳೆ ಯಾರಾದರೂ ಹಿಡಿದರೆ, ಅನ್ನಿಸಿತ್ತು ಅಷ್ಟೇ ಎನ್ನಬಹುದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಬಾಯಿಂದ ಹೊರಬಿದ್ದದ್ದೇ ಜನ ಎತ್ತಿಕೊಂಡರು. ಕಟಿಂಗಿನವನೊಬ್ಬ, "ಡಬ್ಬಿಗೆ ಕುಂಕುಮಾನೂ ಹಚ್ಚಲಿಲ್ಲರೀ ಅಕಿ. ನಾ ಹಚ್ಚಾಕ ಹೋದ್ರ ಕೈ ಹಿಡದ್ಲು" ಎಂದ. ಇನ್ನೊಬ್ಬ, "ಅವರ ಮನ್ಯಾಗ ಪೂಜಿ ಪುನಸ್ಕಾರ ಎಲ್ಲೈತಿ" ಎಂದ. ಕುಂಕುಮ ಬೇಡ ಎಂದವನು ನಾನು. ಅಲ್ಲೇ ಎರಡು ಮಾರು ದೂರ ನಿಂತಿದ್ದೆ. ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಹಿಂಬದಿ ಬಗ್ಗಿದೆ, ಏನೋ ಹುಡುಕುವವನ ಹಾಗೆ. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಧ್ಯಾಹ್ನದ ಹೊತ್ತಿಗೆ ಅವರನ್ನು ಕೆಲಸದಿಂದ ತೆಗೆದಿದ್ದರು. ಊಟದ ಡಬ್ಬಿ ಹಿಡಿದುಕೊಂಡು ಗೇಟು ದಾಟುವಾಗ ಒಮ್ಮೆ ತಿರುಗಿ ನನ್ನತ್ತ ನೋಡಿದರು. ಬೈಗುಳಕ್ಕೆ ಕಾದೆ. ಅವರು ಬಸ್ಸಿನ ಕಡೆ ನಡೆದರು.

ಡಿಸ್ಕ್‌ಗಳನ್ನು, ಒಳಗಿದ್ದುದನ್ನು ಹೊರತೆಗೆಸಲು, ಚೆನ್ನೈಗೆ ಕಳಿಸಿದೆವು. ಚೂರುಪಾರು ಬಂತು, ಬಹುಪಾಲು ಬರಲಿಲ್ಲ. ತುಕಾರಾಮ ಮಾಸ್ಟರ್ ಕಂದು ಕಾಗದ ಹಾಸಿ ನೆನಪಿನಿಂದ ಮತ್ತೆ ಬರೆಯಲು ಕೂತರು. ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿತ್ತು. "ತಂಗಿ ಇದ್ದಿದ್ರ ಹೇಳ್ತಿದ್ಲು, ಎಲ್ಲಿ ಎಷ್ಟು ನೂಲು ಅಂತ" ಎಂದು ಒಮ್ಮೆ ನನ್ನೆದುರಿಗೇ ಅಂದರು. ಆ ಮಾತು ಕೇಳಿ ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದೆ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಅವರಿಗೆ ನಿಜ ಗೊತ್ತಾಗಲೇ ಇಲ್ಲ.

ವಲಿ ಸಾಹೇಬರಿಗೆ ಅದೇ ಸಂಜೆ ಎಲ್ಲ ಹೇಳಿದೆ. "ಈಗ ಬಾಯಿ ಬಿಟ್ರ ಅಂಗಡಿ ಬೋರ್ಡ್ ಇಳಸಬೇಕಾಗ್ತೈತಿ" ಎಂದರು. ಅವರು ಹಾಗೆಂದರು ಎಂದು ನಾನು ತಪ್ಪಿಸಿಕೊಳ್ಳುವುದಿಲ್ಲ. ಬೆಳಗ್ಗೆ ನನ್ನ ಬಾಯಿ ಮುಚ್ಚಿದ್ದು ಅವರಲ್ಲ. ಮೇಲಾಗಿ, ಅವರ ಮಾತು ಕೇಳಿದಾಗ ನನಗೆ ಆದದ್ದು ನೆಮ್ಮದಿ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ನಾನು ಕಟ್ಟುನಿಟ್ಟಿನ ಮನುಷ್ಯನಾದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದೆ. ಎರಡು ಡಬ್ಬಿ ಇಲ್ಲದ ದರಪಟ್ಟಿಗೆ ಸಹಿ ಹಾಕಲಿಲ್ಲ. ಒಂದನ್ನು ಆಫೀಸಿನಲ್ಲಿ, ಇನ್ನೊಂದನ್ನು ಯಜಮಾನರ ಮನೆಯಲ್ಲಿ ಇಡಿಸಿದೆ. ಬೇರೆ ಬೇರೆ ತಿಂಗಳಲ್ಲಿ ತಯಾರಾದ ಡಿಸ್ಕ್ ಕೇಳಿ ಕೇಳಿ ಬೆಂಗಳೂರಿನ ವ್ಯಾಪಾರಿಗಳ ತಲೆ ತಿಂದೆ. ಮೂರು ತಿಂಗಳಿಗೊಮ್ಮೆ ಒಂದು ಕಡತವನ್ನು ಬೇಕೆಂದೇ ಅಳಿಸಿ, ನಕಲಿನಿಂದ ವಾಪಸ್ ತಂದು ತೋರಿಸುವ ಪದ್ಧತಿ ಮಾಡಿದೆ. ಕಾಲ ಬದಲಾಗಿ ಎಲ್ಲವನ್ನೂ ಇಂಟರ್ನೆಟ್ ಮೇಲೆ ದೂರದ ಸರ್ವರಿನಲ್ಲಿ ಇಡುವ ದಿನ ಬಂದಾಗಲೂ, "ಅದು ಸರಿ, ನಿಮ್ಮ ಕೈಯಾಗ ಒಂದು ನಕಲು ಅದ ಏನು?" ಎಂದೇ ಕೇಳಿದೆ. ನೀವು ಕಲಿಯಬೇಕಾದ ತಾಂತ್ರಿಕ ವಿಷಯವೆಲ್ಲ ಇಷ್ಟೇ. ಇದು ಯಾವ ಪುಸ್ತಕದಲ್ಲೂ ಸಿಗುತ್ತದೆ. ಅದನ್ನು ಕಲಿಯಲು ಒಬ್ಬರ ಬದುಕು ಖರ್ಚು ಮಾಡುವ ಅಗತ್ಯವಿರಲಿಲ್ಲ.

ನಿವೃತ್ತನಾದ ಮೇಲೆ, ಹೋದ ವರ್ಷ, ಕುರುಗೋಡಿನ ಆ ಶಾಲೆಯವರು ಹಳೆಯ ಸಲಿಗೆಯಿಂದ ಹೊಸ ಲ್ಯಾಬಿನ ದರಪಟ್ಟಿಗಳನ್ನು ನೋಡಿಕೊಡಿ ಎಂದು ಕರೆದರು. ಫೋನಿಗೆ ಬಂದಿದ್ದ ಪಟ್ಟಿಯ ಪ್ರಿಂಟ್ ಬೇಕಿತ್ತು. ಬಸ್ ನಿಲ್ದಾಣದ ಹತ್ತಿರ ಪಹಣಿ, ಆದಾಯ ಪ್ರಮಾಣಪತ್ರದ ಅರ್ಜಿ ತುಂಬಿಕೊಡುವ ಒಂದು ಆನ್‌ಲೈನ್ ಸೆಂಟರ್ ಕಂಡಿತು, ಹೊಕ್ಕೆ. ಕೌಂಟರಿನ ಹಿಂದೆ ಚಂದ್ರಣ್ಣನವರ ಆ ಆಪರೇಟರ್ ಇದ್ದರು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ನನ್ನನ್ನು ಗುರುತು ಹಿಡಿದರು.

"ಬರ್ರಿ ಸರ್, ಕುಂದರ್ರಿ."

ಕೂತೆ. ಪ್ರಿಂಟ್ ತೆಗೆದು ಕೊಟ್ಟರು. ಸಾಲಿನಲ್ಲಿದ್ದ ಇಬ್ಬರು ರೈತರು ಹೋಗುವವರೆಗೂ ನಾನು ಏಳಲಿಲ್ಲ. ಆಮೇಲೆ ಕೇಳಿದೆ, ಅಲ್ಲಿಂದ ಬಿಟ್ಟ ಮೇಲೆ ಎಲ್ಲಿ ಕೆಲಸ ಮಾಡಿದಿರಿ ಎಂದು. ಜೀನ್ಸ್ ಘಟಕಗಳಿಗೆ ತಿರುಗಿದರಂತೆ. ಎಲ್ಲಿ ಹೋದರೂ, "ಆಯುಧ ಪೂಜಿಗೆ ಸರ್ವರ್ ಸುಟ್ಟಾಕಿ ನೀನಲ್ಲೇನು?" ಎಂದು ಕೇಳಿದರಂತೆ. ಚಂದ್ರಣ್ಣ ಎಲ್ಲ ಮಾಲೀಕರಿಗೂ ಹೇಳಿದ್ದರು. ಬಳ್ಳಾರಿಯಲ್ಲಿ ಆ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಅವರಿಗೆ ಮಾತ್ರ ಯಾರೂ ಕೆಲಸ ಕೊಡಲಿಲ್ಲ.

ಆಮೇಲೆ ನನ್ನಿಂದ ತಡೆಯಲಾಗಲಿಲ್ಲ. "ಅಮ್ಮಾ, ಅವತ್ತು ನೀವು ಸರಿಯಾಗೇ ಆಫ್ ಮಾಡಿದ್ರಿ. ನಂಗ ಗೊತ್ತಿತ್ತು."

"ನಂಗೂ ಗೊತ್ತಿತ್ರಿ."

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ? ಕೆಂಪು ದೀಪದ ಮಾತು, ಫೋನಿನ ಮಾತು?"

"ನೀವ ಹೇಳ್ತೀರಿ ಅಂತ ಸುಮ್ಮನ ನಿಂತಿದ್ದೆ ಸರ್. ಈ ಮಾತಿಗೆ ಹೇಳ್ಲಿಲ್ಲ, ಮುಂದಿನ ಮಾತಿಗೆ ಹೇಳ್ತಾರ ಅಂತ. ಕುಂಕುಮದ ಮಾತು ಬಂದಾಗಂತೂ ಈಗ ಹೇಳೇ ಹೇಳ್ತಾರ ಅಂದ್ಕೊಂಡೆ. ಅಷ್ಟರಾಗ ಊಟದ ಗಂಟಿ ಆತು, ಎಲ್ಲಾರೂ ಎದ್ದು ಹೋದ್ರು."

ಇಷ್ಟು ವರ್ಷ ಅವರು ನನ್ನನ್ನು ಬೈದುಕೊಂಡಿರುತ್ತಾರೆ ಎಂದು ತಿಳಿದಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ನಿಂತಿದ್ದದ್ದು ನನ್ನ ಮೇಲೆ ನಂಬಿಕೆ ಇಟ್ಟು. ಅಂಗಡಿಯಲ್ಲೇ ಅತ್ತೆ. ಅವರು ಫ್ಯಾನ್ ಜೋರು ಮಾಡಿ, ನೀರಿನ ಬಾಟಲಿ ಮುಂದಿಟ್ಟರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆಡದೆ ಇದ್ದದ್ದೇ ಸರಿ.

ಮರುದಿನ ಚಂದ್ರಣ್ಣನವರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. "ಅಕಿ ಹೆಸರು ನಾ ಊರ ತುಂಬಾ ಕೆಡಿಸಿದೆನಲ್ರೀ ರಾಯರ" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಗೆ, "ಒಬ್ಬೊಬ್ಬರ ಮನಿಗೆ ಹೋಗಿ ಹೇಳಾಕ ಆಗಂಗಿಲ್ಲ. ನಮ್ಮ ಮಾಲೀಕರ ಸಂಘದ ಸಂಚಿಕೆ ಬರ್ತೈತಿ, ಅದರಾಗ ಬರೀರಿ. ಅಚ್ಚ ಹಾಕಿಸೂದು ನನ್ನ ಜವಾಬ್ದಾರಿ" ಎಂದರು. ನೀವು ಓದುತ್ತಿರುವುದು ಅದನ್ನೇ.

ಅಚ್ಚಿಗೆ ಕೊಡುವ ಮೊದಲು ಕುರುಗೋಡಿಗೆ ಹೋಗಿ ಅವರಿಗೆ ಓದಲು ಕೊಟ್ಟೆ. ಪೆನ್ಸಿಲ್ ಹಿಡಿದು, ರಟ್ಟಿನ ಅಂಚು ಗುರುತಿಸುವಷ್ಟೇ ನಿಧಾನವಾಗಿ ಓದಿದರು. ಒಂದು ಕಡೆ ಗೀಟು ಎಳೆದರು.

"ಡಬ್ಬಿಗೆ ಕುಂಕುಮ ಹಚ್ಚಬ್ಯಾಡ ಅಂದಿದ್ದು ನೀವಲ್ಲೇನ್ರಿ? ಇಲ್ಲಿ ಬರದಿಲ್ಲ."

ಬರೆದಿರಲಿಲ್ಲ. ತಪ್ಪೊಪ್ಪಿಗೆ ಬರೆಯುವಾಗಲೂ ಒಂದನ್ನು ಬಚ್ಚಿಟ್ಟುಕೊಂಡಿದ್ದೆ. ಅಲ್ಲೇ ಕೂತು ಸೇರಿಸಿದೆ. ಮೇಲೆ ನೀವು ಓದಿದ ಆ ಸಾಲುಗಳು ಹಾಗೆ ಬಂದವು.

ಅವರು ಇನ್ನೊಮ್ಮೆ ಹಾಳೆಗಳನ್ನು ತಿರುವಿದರು. "ನನ್ನ ಹೆಸರು ಎಲ್ಲೈತ್ರಿ?"

ನಿಮ್ಮ ಮರ್ಯಾದೆಗೆ ಧಕ್ಕೆಯಾಗಬಾರದೆಂದು ಬಿಟ್ಟೆ ಎಂದೆ.

"ಅವತ್ತು ಅಷ್ಟು ಮಂದಿ ಮುಂದ ಹೆಸರು ಹಿಡದು ಹೇಳಿದ್ರಲ್ರೀ ಸರ್. ಇವತ್ತೂ ಹೇಳ್ರಿ."

ಅವರ ಹೆಸರು ಸುಜಾತಾ. ಬಾದನಹಟ್ಟಿಯ ಹೊನ್ನೂರಪ್ಪನವರ ಮಗಳು. ಆಯುಧ ಪೂಜೆಯ ಹಿಂದಿನ ದಿನ ಸುಜಾತಾ ಅವರು ಡಬ್ಬಿಯನ್ನು ಸರಿಯಾಗಿಯೇ ಆಫ್ ಮಾಡಿದ್ದರು. ಅದು ಸತ್ತದ್ದು ನನ್ನಿಂದ.